ಸೊಲ್ಲೆತ್ತಿದ ಜನ: ಹೋರಾಟದ ಹಾಡು ಕುರಿತು



ಕಳೆದ ಐದು ದಶಕಗಳಲ್ಲಿ ದಲಿತ-ಬಂಡಾಯ ಕಾವ್ಯದ ಬಗ್ಗೆ ಕನ್ನಡದಲ್ಲಿ ಸಾಕಷ್ಟು ವಿಮರ್ಶೆ ಬಂದಿದೆ. ಪಿಎಚ್‌.ಡಿ. ಪ್ರಬಂಧಗಳು ಬಂದಿವೆ, ವಿಚಾರ ಸಂಕಿರಣಗಳು ನಡೆದಿವೆ, ಪಠ್ಯಪುಸ್ತಕಗಳಲ್ಲಿ ಕವಿತೆಗಳು ಸೇರಿವೆ. ಇದರಲ್ಲಿ ಬಹುಪಾಲು ಅಚ್ಚಾದ ಕವಿತೆಯನ್ನು ಮುಂದಿಟ್ಟುಕೊಂಡು ಬರೆದದ್ದು. ಆ ಕವಿತೆಗಳನ್ನು ಊರೂರಿಗೆ ಹೊತ್ತ ಹಾಡುಗಾರರ ಬಗ್ಗೆ, ಅವರು ಹಿಡಿದ ಮಟ್ಟುಗಳ ಬಗ್ಗೆ, ತಮಟೆಯ ಬಗ್ಗೆ, ಎದುರಿಗೆ ಕೂತು ಸೊಲ್ಲೆತ್ತಿದ ಜನರ ಬಗ್ಗೆ ನಾವು ಬರೆದದ್ದು ಬಹಳ ಕಡಿಮೆ. ಹೋರಾಟದ ಹಾಡಿನ ಅರ್ಧ ಜೀವ ಇರುವುದು ಅಲ್ಲಿ ಎಂದು ನಾನು ನಂಬಿದ್ದೇನೆ. ಪುಟದಲ್ಲಿ ಕಾಣದ ಆ ಅರ್ಧವನ್ನು ಕುರಿತೇ ಇವತ್ತಿನ ನನ್ನ ಮಾತು.

ಹಿನ್ನೆಲೆ ನಿಮಗೆ ಗೊತ್ತಿರುವುದೇ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದು ಆಡಿದ ಮಾತು ಬೂಸಾ ಪ್ರಕರಣವಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಟ್ಟರು. ಆ ಗಾಯದಿಂದಲೇ ಒಂದು ತಲೆಮಾರು ಎದ್ದಿತು. ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ದೇಶದಲ್ಲಿ ತುರ್ತು ಪರಿಸ್ಥಿತಿ ಬಂದದ್ದೂ ಬೆಂಗಳೂರಿನಲ್ಲಿ ‘ಸಮುದಾಯ’ ರಂಗತಂಡ ಹುಟ್ಟಿದ್ದೂ ಅದೇ ವರ್ಷ. ಬಂಡಾಯ ಸಾಹಿತ್ಯ ಸಂಘಟನೆ ರೂಪ ತಾಳಿದ್ದು 1979ರಲ್ಲಿ. ಇವೆಲ್ಲ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ದಾಖಲಾಗಿವೆ. ಈ ಹಾಡುಗಳು ಹಳ್ಳಿಯೊಂದರ ಕೇರಿಗೆ ಹೋದಾಗ ಅಲ್ಲಿ ಏನು ನಡೆಯುತ್ತಿತ್ತು ಎಂಬುದು ಮಾತ್ರ ದಾಖಲಾಗಿಲ್ಲ.

ಸಂಘರ್ಷ ಸಮಿತಿಯ ಸಭೆಗಳನ್ನು ಕಂಡವರಿಗೆ ಅದರ ಕ್ರಮ ಗೊತ್ತು. ಮೊದಲು ಹಾಡು, ಆಮೇಲೆ ಭಾಷಣ, ನಡುವೆ ಮತ್ತೆ ಹಾಡು. ಕಾರ್ಯಕರ್ತರು ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಸಂಜೆಗೆ ಊರು ಸೇರುತ್ತಾರೆ. ದಿನವೆಲ್ಲ ಕೂಲಿ ಮಾಡಿ ಬಂದ ಜನ ಇನ್ನೂ ಒಲೆಯ ಮುಂದೆ ಇದ್ದಾರೆ. ಯಾರೋ ಒಬ್ಬರು ಒಣ ಹುಲ್ಲೋ ತೆಂಗಿನ ಗರಿಯೋ ತಂದು ಬೆಂಕಿ ಹಾಕುತ್ತಾರೆ. ತಮಟೆಯ ಚರ್ಮವನ್ನು ಆ ಉರಿಗೆ ಹಿಡಿದು ತಿರುಗಿಸುತ್ತಾರೆ, ಬೆರಳಿನಿಂದ ತಟ್ಟಿ ನೋಡುತ್ತಾರೆ, ಮತ್ತೆ ಕಾಯಿಸುತ್ತಾರೆ. ಚರ್ಮ ಬಿಗಿಯಾದ ಮೇಲೆ ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದರಲ್ಲಿ ಉದ್ದನೆಯ ಸಣ್ಣ ಕಡ್ಡಿ. ಮೊದಲ ಪೆಟ್ಟು ಬಿದ್ದ ಕೂಡಲೇ ಮಕ್ಕಳು ಓಡಿ ಬರುತ್ತಾರೆ, ಆಮೇಲೆ ಗಂಡಸರು, ಹೆಂಗಸರು ಮನೆಯ ಬಾಗಿಲಲ್ಲೇ ನಿಲ್ಲುತ್ತಾರೆ. ಮುಂದಾಳು ಒಂದು ಸಾಲು ಹೇಳುತ್ತಾನೆ, ಅವನ ಹಿಂದಿನ ನಾಲ್ಕೈದು ಮಂದಿ ಅದನ್ನೇ ಎತ್ತಿಕೊಳ್ಳುತ್ತಾರೆ. ಎರಡನೆಯ ಸಲ, ಮೂರನೆಯ ಸಲ ಅದೇ ಸಾಲು ಬಂದಾಗ ಎದುರಿಗಿದ್ದವರ ತುಟಿ ಅಲುಗತೊಡಗುತ್ತದೆ. ಹಾಡು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ನಿಂತ ಹೆಂಗಸರ ದನಿಯೂ ಅದರೊಳಗೆ ಇರುತ್ತದೆ.

ಆ ತುಟಿ ಅಲುಗಿದ ಗಳಿಗೆ ದೊಡ್ಡದು. ಜೀತಕ್ಕಿದ್ದ ಒಬ್ಬ ಮನುಷ್ಯನನ್ನು ಯೋಚಿಸಿ. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯುತ್ತಿದ್ದಾನೆ. ಧಣಿಯ ಎದುರು ತಲೆ ಎತ್ತಿ ಮಾತಾಡಿದವನಲ್ಲ, ತಹಸೀಲ್ದಾರರ ಕಚೇರಿಯ ಮೆಟ್ಟಿಲು ಹತ್ತಿದವನಲ್ಲ. ‘ಇದು ಅನ್ಯಾಯ’ ಎಂಬ ಮಾತು ಅವನ ಮನಸ್ಸಿನಲ್ಲಿ ಇಲ್ಲದೆ ಇರಲಿಲ್ಲ, ಅದನ್ನು ಬಾಯಿಬಿಟ್ಟು ಆಡಿದರೆ ಮರುದಿನ ಏನಾಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ನೂರಾರು ಜನರ ನಡುವೆ ಸೊಲ್ಲು ಹಿಡಿದಾಗ ಆ ಮಾತು ಮೊದಲ ಬಾರಿಗೆ ಅವನ ಬಾಯಿಂದಲೇ, ಅವನ ಊರಿನಲ್ಲೇ, ಎಲ್ಲರ ಕಿವಿಗೆ ಬೀಳುವಂತೆ ಹೊರಟಿತು. ಅವನೊಬ್ಬನನ್ನೇ ಬೆರಳು ಮಾಡಿ ತೋರಿಸಲು ಯಾರಿಗೂ ಆಗಲಿಲ್ಲ. ಮರುದಿನ ಅರ್ಜಿಗೆ ಹೆಬ್ಬೆಟ್ಟು ಒತ್ತುವುದಕ್ಕೆ ಬೇಕಾದ ಧೈರ್ಯ ಹುಟ್ಟಿದ್ದು ಅಲ್ಲಿ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಪರಿಶಿಷ್ಟರಿಗೆ ಮಂಜೂರಾಗಿ ಕೈತಪ್ಪಿದ ಜಮೀನನ್ನು ಮರಳಿ ಕೊಡಿಸುವ ಕರ್ನಾಟಕದ ಕಾಯ್ದೆ ಬಂದದ್ದು 1978ರಲ್ಲಿ. ಈ ಕಾಯ್ದೆಗಳು ಅಕ್ಷರ ಬಾರದ ಕೇರಿಗಳನ್ನು ಗೆಜೆಟ್ಟಿನ ಮೂಲಕ ತಲುಪಲಿಲ್ಲ. ಇಂಥ ಸಭೆಗಳ ಮೂಲಕ ತಲುಪಿದವು. ಹಾಡು ಜಮೀನು ಕೊಡಿಸಿತು ಎಂದು ನಾನು ಹೇಳುವುದಿಲ್ಲ. ಜಮೀನು ಕೊಡಿಸಿದ್ದು ವರ್ಷಗಟ್ಟಲೆ ಕಚೇರಿ ಅಲೆದ ಜನ, ಅವರ ಜೊತೆ ಅಲೆದ ಕಾರ್ಯಕರ್ತರು. ಅಲೆಯುವುದಕ್ಕೆ ಮೊದಲ ಹೆಜ್ಜೆ ಇಡಿಸಿದ್ದರಲ್ಲಿ ಹಾಡಿನ ಪಾಲಿದೆ.

ಈ ಹಾಡುಗಳ ಕಸುಬನ್ನು ಸ್ವಲ್ಪ ಗಮನಿಸಬೇಕು. ಪಲ್ಲವಿ ಒಂದೇ ಉಸಿರಿಗೆ ಮುಗಿಯುವಷ್ಟು ಚಿಕ್ಕದು. ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ, ತಮಟೆಯ ಪೆಟ್ಟು ಬೀಳುವ ಜಾಗದಲ್ಲಿ. ನುಡಿಗಳ ನಡುವೆ ಹಾಡುಗಾರ ನಿಲ್ಲಿಸಿ ಮಾತಿಗೆ ಇಳಿಯಬಹುದು, ಪಕ್ಕದ ತಾಲೂಕಿನಲ್ಲಿ ನಡೆದ ಸಂಗತಿ ಹೇಳಬಹುದು, ಮತ್ತೆ ಸೊಲ್ಲಿಗೆ ಬರಬಹುದು. ಊರಿನ ಹೆಸರು, ಹೊಸ ದೌರ್ಜನ್ಯದ ಹೆಸರು ಸೇರಿಸಲು ನುಡಿಯಲ್ಲಿ ಜಾಗ ಇರುತ್ತದೆ. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದರು. 2000ದ ಮಾರ್ಚ್‌ನಲ್ಲಿ ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಇಂಥ ಸುದ್ದಿಗಳು ದೂರದ ಕೇರಿಗಳಿಗೆ ಪತ್ರಿಕೆಗಿಂತ ಮೊದಲು ಹಾಡುಗಾರರ ಬಾಯಿಂದ ಹೋಗಿವೆ. ಹೀಗೆ ಬೆಳೆಯುವ ಹಾಡಿಗೆ ಒಂದೇ ಒಂದು ಶುದ್ಧ ಪಾಠ ಇರುವುದಿಲ್ಲ. ಸಿದ್ದಲಿಂಗಯ್ಯನವರ ಕವಿತೆಗಳನ್ನು ಅವರದೆಂದು ತಿಳಿಯದೆ ಹಾಡಿದವರು ಸಾವಿರಾರು ಜನ. ಕವಿಗೆ ಅದಕ್ಕಿಂತ ದೊಡ್ಡ ಮನ್ನಣೆ ಇನ್ನೇನಿದೆ?

ಈಗ ತಮಟೆಯ ವಿಷಯ. ಇದನ್ನು ನಾನು ಕೊಂಚ ಬಿಡಿಸಿ ಹೇಳಲೇಬೇಕು, ಏಕೆಂದರೆ ಚಳವಳಿಯ ಒಳಗಿನ ಅತ್ಯಂತ ನೋವಿನ ಚರ್ಚೆ ಇದೇ. ತಮಟೆ ಬಾರಿಸುವುದು ಹಳ್ಳಿಯಲ್ಲಿ ದಲಿತರ ಮೇಲೆ ಹೇರಿದ ಬಿಟ್ಟಿ ಚಾಕರಿ. ಸಾವಾದರೆ ಬಾರಿಸಬೇಕು, ಜಾತ್ರೆಗೆ ಬಾರಿಸಬೇಕು, ಪಂಚಾಯ್ತಿಯ ಟಾಂಟಾಂ ಸಾರಬೇಕು. ದೇವರ ಮುಂದೆ ಬಾರಿಸಿದರೂ ಗುಡಿಯ ಒಳಗೆ ಬರುವಂತಿಲ್ಲ. ಬಾರಿಸುವುದಿಲ್ಲ ಎಂದರೆ ಅಂಗಡಿಯಲ್ಲಿ ಸಾಮಾನಿಲ್ಲ, ಹೊಲದಲ್ಲಿ ಕೂಲಿಯಿಲ್ಲ, ಬಹಿಷ್ಕಾರ. ಹಾಗಾಗಿ ‘ತಮಟೆಯನ್ನು ಕೆಳಗಿಡಿ, ಅದು ನಮ್ಮ ಗುಲಾಮಗಿರಿಯ ಗುರುತು’ ಎಂದು ಚಳವಳಿಯ ಒಂದು ದನಿ ಹೇಳಿತು. ಆ ದನಿಗೆ ನೂರಕ್ಕೆ ನೂರು ನ್ಯಾಯವಿತ್ತು. ಇನ್ನೊಂದು ದನಿ, ‘ಈ ವಾದ್ಯ ನಮ್ಮದು, ಇದರ ಗತ್ತು ನಮ್ಮ ಹಿರಿಯರು ಕಂಡುಕೊಂಡದ್ದು, ಇದನ್ನು ಇನ್ನೊಬ್ಬರ ಹೆಣದ ಮುಂದೆ ಬಾರಿಸುವುದು ಬಿಡೋಣ, ನಮ್ಮ ಹಕ್ಕಿನ ಮುಂದೆ ಬಾರಿಸೋಣ’ ಎಂದಿತು. ಕೋಲಾರದ ಕಡೆಯ ಕೋಟಿಗಾನಹಳ್ಳಿ ರಾಮಯ್ಯ, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರಂಥವರು ಬರೆದು, ಹಾಡಿ, ಕುಣಿದು ಈ ಎರಡನೆಯ ದಾರಿಯನ್ನು ಅಗಲ ಮಾಡಿದರು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ಹಾಡು ಎಂದು ಜನ ಸೇರತೊಡಗಿದ್ದು ಇದೇ ನಂಬಿಕೆಯ ಮುಂದುವರಿಕೆ. ವಿಮರ್ಶೆಯಲ್ಲಿ ಡಿ.ಆರ್. ನಾಗರಾಜ್ ಇದೇ ಪ್ರಶ್ನೆಯನ್ನು ಎತ್ತಿದರು: ಅವಮಾನದ ನೆನಪನ್ನು ಬಿಸಾಡುವ ಭರದಲ್ಲಿ ದಲಿತರು ತಮ್ಮ ದೈವ, ತಮ್ಮ ಕಥೆ, ತಮ್ಮ ಕಲೆಯನ್ನೂ ಬಿಸಾಡಬೇಕೆ?

ನನ್ನ ತೀರ್ಮಾನ ಇಷ್ಟು. ಬಾರಿಸುವವನಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಮೊದಲು ಸಿಗಬೇಕು. ಆ ಸ್ವಾತಂತ್ರ್ಯ ಸಿಕ್ಕ ಮೇಲೆ ಅವನು ಎತ್ತಿಕೊಂಡ ತಮಟೆ ಬೇರೆಯೇ ವಾದ್ಯ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆ ಹಿಡಿದ ಕೈಗೆ ರಾಷ್ಟ್ರದ ಗೌರವ ಸಂದದ್ದು ನಮಗೆಲ್ಲ ಹೆಮ್ಮೆ. ಸಾವಿಗೆ ತಮಟೆ ಬಾರಿಸಲು ಬರಲಿಲ್ಲ ಎಂದು ಕುಟುಂಬಗಳನ್ನು ಊರಿನಿಂದ ದೂರ ಇಡುವ ಸುದ್ದಿಯನ್ನು ನಾವು ಇನ್ನೂ ಓದುತ್ತಿದ್ದೇವೆ ಎಂಬುದನ್ನು ಆ ಹೆಮ್ಮೆ ಮರೆಸಬಾರದು.

ಮಟ್ಟುಗಳು ಎಲ್ಲಿಂದ ಬಂದವು? ಹೊಸದಾಗಿ ಹುಟ್ಟಿದ್ದು ಕಡಿಮೆ. ಸೋಬಾನೆಯ ಧಾಟಿ, ಕೋಲಾಟದ ಧಾಟಿ, ರಾಗಿ ಬೀಸುವ ಪದದ ಧಾಟಿ, ತತ್ವಪದದ ಧಾಟಿ. ಹಳೇ ಮೈಸೂರಿನ ಕಡೆ ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ಅದರಲ್ಲಿ ಕಲ್ಯಾಣದ ದೊಡ್ಡವರೆಲ್ಲ ಪರೀಕ್ಷೆಗೆ ಒಳಗಾಗುತ್ತಾರೆ. ಪ್ರಶ್ನೆ ಕೇಳುವ ಗುರು ತಿಪ್ಪೆಯ ಕಡೆಯಿಂದ ಬಂದವನು. ಇಂಥ ಕಥೆಯನ್ನು ತಲೆತಲಾಂತರದಿಂದ ಕೇಳಿ ಬೆಳೆದ ಜನಕ್ಕೆ ಪ್ರಶ್ನೆ ಮಾಡುವ ಹಾಡು ಹೊಸದಲ್ಲ. ಚಳವಳಿ ಕೊಟ್ಟದ್ದು ಸಂವಿಧಾನದ ಮಾತನ್ನು, ಅಂಬೇಡ್ಕರರ ಹೆಸರನ್ನು, ಸಂಘಟನೆಯ ಬಲವನ್ನು. ಕಿವಿ ಮೊದಲೇ ಹದವಾಗಿತ್ತು.

ಗಡಿ ಆಚೆಯಿಂದಲೂ ಮಟ್ಟು ಬಂದವು. ಕೋಲಾರ, ರಾಯಚೂರು, ಬಳ್ಳಾರಿ ಕಡೆಗೆ ತೆಲುಗಿನಿಂದ, ಬೀದರ್, ಬೆಳಗಾವಿ ಕಡೆಗೆ ಮರಾಠಿಯಿಂದ. ಹೆಗಲ ಮೇಲೆ ಕಂಬಳಿ, ಕಾಲಿಗೆ ಗೆಜ್ಜೆ ಕಟ್ಟಿ ಕುಣಿದ ತೆಲುಗು ಹಾಡುಗಾರ ಗದ್ದರ್ ಅವರ ಜನನಾಟ್ಯಮಂಡಳಿ 1970ರ ದಶಕದ ಆರಂಭದ್ದು. ಮಹಾರಾಷ್ಟ್ರದಲ್ಲಿ ಅಣ್ಣಾಭಾವು ಸಾಠೆ, ಅಮರ್ ಶೇಖ್ ಅದಕ್ಕೂ ಮೂರು ದಶಕ ಮೊದಲೇ ತಮಾಷಾ ಮತ್ತು ಪೊವಾಡಾಗಳನ್ನು ಕಾರ್ಮಿಕರ ಮಾತಿಗೆ ಬಗ್ಗಿಸಿದ್ದರು. ಇಂಥ ಹಾಡಿಗೆ ಕೊಡಬೇಕಾದ ಬೆಲೆ ಏನೆಂದು 1997 ತೋರಿಸಿತು. ಆ ವರ್ಷ ಗದ್ದರ್ ಮೇಲೆ ಗುಂಡು ಹಾರಿಸಿದರು. 2023ರಲ್ಲಿ ತೀರಿಕೊಳ್ಳುವವರೆಗೂ ಒಂದು ಗುಂಡು ಅವರ ಮೈಯಲ್ಲೇ ಇತ್ತು. 1997ರ ಜುಲೈನಲ್ಲೇ ಮುಂಬೈನ ದಲಿತರ ಕೇರಿಯಾದ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ ಹತ್ತು ಮಂದಿ ಬಲಿಯಾದರು. ಆ ನೋವು ತಾಳಲಾರದೆ ಹೋರಾಟದ ಹಾಡುಗಾರ, ಶಾಹಿರ ವಿಲಾಸ್ ಘೋಗ್ರೆ ಪ್ರಾಣ ಬಿಟ್ಟರು.

ಇಲ್ಲಿ ನಮ್ಮ ವಿಮರ್ಶೆಯ ಹಳೆಯ ಆಕ್ಷೇಪಕ್ಕೆ ಬರುತ್ತೇನೆ. ಈ ಹಾಡುಗಳು ಬರೀ ಘೋಷಣೆ, ಇವುಗಳಲ್ಲಿ ಕಾವ್ಯವಿಲ್ಲ ಎಂದು ನವ್ಯದ ಓದಿನಲ್ಲಿ ಪಳಗಿದವರು ಹೇಳಿದರು. ಒಬ್ಬನೇ ಕೂತು ಮೌನವಾಗಿ ಓದುವ ಕವಿತೆಗೆ ಕಟ್ಟಿದ ಅಳತೆಯನ್ನು ಇನ್ನೂರು ಜನ ಒಟ್ಟಿಗೆ ಹಾಡುವ ಪದಕ್ಕೆ ಹಿಡಿದರೆ ಅದು ಹಾಗೆಯೇ ಕಾಣುತ್ತದೆ. ಪುಟದ ಮೇಲೆ ಒಂದೇ ಸಾಲು ನಾಲ್ಕು ಸಲ ಬಂದರೆ ದಂಡ. ಬಾಯಲ್ಲಿ ನಾಲ್ಕು ಸಲ ಬಂದರೆ ಮೊದಲನೆಯದು ಹಾಡುಗಾರನದು, ಎರಡನೆಯದು ಹಿಮ್ಮೇಳದ್ದು, ಮೂರನೆಯದು ಮಕ್ಕಳದ್ದು, ನಾಲ್ಕನೆಯದು ಊರಿನದ್ದು. ಮಾತು ಅದೇ, ಆಡಿದವರು ಬೇರೆ. ಹಾಗೆಂದು ಹೋರಾಟದ ಹಾಡೆಲ್ಲ ಒಳ್ಳೆಯ ಹಾಡಲ್ಲ. ಸಿಟ್ಟನ್ನು ಬೊಬ್ಬೆಯಾಗಿಸಿದವು ಇವೆ, ಕೆಂಪು ಸೂರ್ಯ, ರಕ್ತದ ಹೊಳೆ ಎಂದು ಒಂದೇ ಜಾಡಿನಲ್ಲಿ ಸುತ್ತಿದವು ಇವೆ. ಅವನ್ನು ಜನರೇ ಕೈಬಿಟ್ಟರು. ಉಳಿದವುಗಳಲ್ಲಿ ಕೇರಿಯ ಜನ ತಮ್ಮ ದಿನವನ್ನು ಗುರುತಿಸಬಲ್ಲರು.

ಸಿದ್ದಲಿಂಗಯ್ಯನವರಿಗೆ ಆ ಗುರುತು ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಅವರ ಆತ್ಮಕಥೆ ‘ಊರು ಕೇರಿ’ಯ ಮೊದಲ ಪುಟಗಳನ್ನು ತೆರೆಯಿರಿ. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳುತ್ತಿರುವುದನ್ನು ಹುಡುಗನೊಬ್ಬ ನೋಡುತ್ತಾನೆ. ಅವರಲ್ಲಿ ಒಬ್ಬರು ಅವನ ಅಪ್ಪ. ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ ಅದನ್ನು ಕಂಡ ಕಣ್ಣು ಮುಂದೆ ಬರೆದ ಪದ್ಯದಲ್ಲಿ ಅಲಂಕಾರ ಹುಡುಕುವ ಅಗತ್ಯ ಯಾರಿಗೂ ಬರಲಿಲ್ಲ. ಮುಂದಿನ ದಿನಗಳಲ್ಲಿ ಅವರ ಕಾವ್ಯದ ದನಿ ತಗ್ಗಿತು, ಅವರು ಶಾಸನಸಭೆಗೆ ಹೋದರು, ಹಲವರು ಟೀಕಿಸಿದರು. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತು. ಈ ಏರಿಳಿತ ಯಾವುದೂ ಹಾಡುಗಳನ್ನು ತಟ್ಟಲಿಲ್ಲ. ಅವು ಅಷ್ಟರಲ್ಲಿ ಅವರ ಕೈ ಬಿಟ್ಟು ಜನರ ಬಾಯಿ ಸೇರಿದ್ದವು.

ಕೊರತೆಯ ಮಾತನ್ನೂ ಆಡಬೇಕು. ಬಹುಕಾಲ ಈ ಹಾಡುಗಳ ಮುಂದಾಳು ಗಂಡು. ಹಾಡಿನೊಳಗೆ ಅಮ್ಮ ಬರುತ್ತಾಳೆ, ಅಳುತ್ತಾಳೆ, ಮಗನನ್ನು ಹೋರಾಟಕ್ಕೆ ಕಳಿಸುತ್ತಾಳೆ. ಅವಳೇ ಹೋರಾಡಿದ ಹಾಡು ಎಷ್ಟಿವೆ? ಸೋಬಾನೆಯ ಧಾಟಿಯನ್ನು ಹೆಂಗಸರಿಂದ ಪಡೆದ ಚಳವಳಿ ಮೈಕನ್ನು ಅವರ ಕೈಗೆ ಕೊಡಲು ತಡಮಾಡಿತು. ದು. ಸರಸ್ವತಿಯವರು ಒಬ್ಬರೇ ರಂಗದ ಮೇಲೆ ನಿಂತು ‘ಸಣ್ತಿಮ್ಮಿ ರಾಮಾಯಣ’ ಹೇಳುವುದನ್ನು ನೋಡಿದವರಿಗೆ ನಾವು ಏನನ್ನು ಕಳೆದುಕೊಂಡಿದ್ದೆವು ಎಂಬುದು ತಿಳಿಯುತ್ತದೆ. ಅಡುಗೆಮನೆಯ, ಹೊಲದ, ಜಗಳದ ಮಾತೇ ಅಲ್ಲಿ ಕಾವ್ಯವಾಗಿ ರಾಮಕಥೆಯನ್ನು ಮತ್ತೆ ಪ್ರಶ್ನಿಸುತ್ತದೆ.

ಇನ್ನೊಂದು ಕೊರತೆ ಹೊರಗಿನಿಂದ ಬಂದದ್ದು. ‘ಸಮುದಾಯ’ ತಂಡದ 1979ರ ಜಾಥಾ, ಬಿಹಾರದ ಬೆಲ್ಚಿಯ ಹತ್ಯಾಕಾಂಡವನ್ನು ಕುರಿತು ಸಿ.ಜಿ. ಕೃಷ್ಣಸ್ವಾಮಿಯವರು ಬೀದಿಗೆ ತಂದ ‘ಬೆಲ್ಚಿ’ ನಾಟಕ, 1990ರ ಸಾಕ್ಷರತಾ ಜಾಥಾಗಳು ಇವೆಲ್ಲ ಹಾಡನ್ನು ಹಳ್ಳಿಗೆ ಒಯ್ದವು, ಅದರಿಂದ ಒಳ್ಳೆಯದೇ ಆಯಿತು. ಆಮೇಲೆ ಅದೇ ಮಟ್ಟುಗಳನ್ನು ಇಲಾಖೆಗಳು ಯೋಜನೆಯ ಪ್ರಚಾರಕ್ಕೆ ಬಾಡಿಗೆ ಹಿಡಿದವು, ಪಕ್ಷಗಳು ಚುನಾವಣೆಗೆ ಹಿಡಿದವು. ಹೊಟ್ಟೆಪಾಡಿಗೆ ಹಾಡಿದ ಕಲಾವಿದರನ್ನು ನಾನು ದೂರುವುದಿಲ್ಲ. ಒಂದು ದಿನದ ಸಂಭಾವನೆ ಕೊಟ್ಟು ಒಂದು ಚಳವಳಿಯ ಸ್ವರವನ್ನು ಕೊಂಡವರನ್ನು ದೂರುತ್ತೇನೆ.

ಮೊಬೈಲಿನ ಕಾಲದಲ್ಲಿ ಇದೆಲ್ಲ ಮುಗಿದ ಕಥೆಯೇ? ಅಲ್ಲ ಎಂಬುದಕ್ಕೆ 2020ರ ಜನವರಿಯ ಆನೆಗೊಂದಿ ಉತ್ಸವ ಸಾಕ್ಷಿ. ಅಲ್ಲಿನ ಕವಿಗೋಷ್ಠಿಯಲ್ಲಿ ಕೊಪ್ಪಳದ ಸಿರಾಜ್ ಬಿಸರಳ್ಳಿ ಪೌರತ್ವದ ದಾಖಲೆ ಕೇಳುವವರಿಗೆ ಮರುಪ್ರಶ್ನೆ ಹಾಕುವ ಪದ್ಯ ಓದಿದರು. ಅವರ ಮೇಲೂ ಅದನ್ನು ಹಂಚಿಕೊಂಡ ಪತ್ರಕರ್ತರ ಮೇಲೂ ಮೊಕದ್ದಮೆ ಬಿತ್ತು. ಬಂಧನವಾಯಿತು, ಜಾಮೀನಾಯಿತು. ಅಷ್ಟರಲ್ಲಿ ಪದ್ಯ ಹಲವು ಭಾಷೆಗಳಿಗೆ ಹೋಗಿತ್ತು. ಪುಸ್ತಕದಲ್ಲಿ ಮಲಗಿದ್ದರೆ ಯಾವ ಠಾಣೆಯೂ ಅದನ್ನು ಕೇಳುತ್ತಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು ಓದಿದ ಪದ್ಯಕ್ಕೆ ಇರುವ ಬಲ ಏನೆಂದು ಅಧಿಕಾರಕ್ಕೆ ನಮ್ಮ ವಿಮರ್ಶಕರಿಗಿಂತ ಚೆನ್ನಾಗಿ ಗೊತ್ತಿದೆ.

ಇನ್ನು ಈ ಕನ್ನಡ ವಿಭಾಗದ ಮುಂದೆ ನಾನು ಇಡಬೇಕಾದ ಕೋರಿಕೆ. ಅದಕ್ಕೆ ಮೊದಲು ಒಂದು ಹಳೆಯ ಉದಾಹರಣೆ. ಬ್ರಿಟಿಷರ ವಿರುದ್ಧ ದಂಗೆಯೆದ್ದ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ. ಅರ್ಧ ಶತಮಾನ ಕಳೆದ ಮೇಲೆ, 1880ರ ದಶಕದಲ್ಲಿ, ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಲಾವಣಿಕಾರರ ಬಾಯಿಂದ ರಾಯಣ್ಣನ ಪದವನ್ನೂ 1857ರ ಹಲಗಲಿ ಬೇಡರ ದಂಗೆಯ ಪದವನ್ನೂ ಬರೆಸಿಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದರು. ಆ ದಂಗೆಗಳನ್ನು ಅಡಗಿಸಿದ ಆಡಳಿತದ ಕಡೆಯವರೇ ಅವುಗಳ ಹಾಡನ್ನು ಉಳಿಸಿಕೊಟ್ಟರು. ‘ಹೊಲೆಮಾದಿಗರ ಹಾಡು’ ಬಂದೂ ಈಗ ಅರ್ಧ ಶತಮಾನವಾಯಿತು. ಅಂದು ಇಪ್ಪತ್ತರ ಹರೆಯದಲ್ಲಿ ತಮಟೆ ಹಿಡಿದವರಿಗೆ ಈಗ ಎಪ್ಪತ್ತು. ಹಲವರು ಹೋಗಿಬಿಟ್ಟರು. ಇರುವವರ ದನಿ ಒಡೆಯುತ್ತಿದೆ, ನೆನಪು ಕೈಕೊಡುತ್ತಿದೆ.

ಪ್ರತಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ತನ್ನ ಜಿಲ್ಲೆಯ ಹಾಡುಗಾರರನ್ನು ಹುಡುಕಿ ಧ್ವನಿಮುದ್ರಣ ಮಾಡಬೇಕು. ಸ್ಟುಡಿಯೋದಲ್ಲಿ ಬೇಡ. ಅವರವರ ಕೇರಿಯಲ್ಲಿ, ಹಿಮ್ಮೇಳದೊಡನೆ, ಎದುರಿಗೆ ಜನ ಕೂತಿರುವಾಗ ಆಗಲಿ. ಯಾವ ಮಟ್ಟು, ಯಾರಿಂದ ಕಲಿತದ್ದು, ಮೊದಲು ಯಾವ ಊರಿನ ಯಾವ ಹೋರಾಟದಲ್ಲಿ ಹಾಡಿದ್ದು, ಜನ ಎಲ್ಲಿ ಸೊಲ್ಲು ಹಿಡಿಯುತ್ತಿದ್ದರು ಎಂಬುದನ್ನು ಬರೆದಿಡಬೇಕು. ಹಾಡುಗಾರರ ಹೆಸರು, ಅದರಲ್ಲೂ ಹೆಣ್ಣುಮಕ್ಕಳ ಹೆಸರು, ದಾಖಲೆಯಲ್ಲಿ ಇರಬೇಕು. ಎಂ.ಎ. ತರಗತಿಯಲ್ಲಿ ಈ ಕವಿತೆಗಳನ್ನು ಪಾಠ ಮಾಡುವಾಗ ಪುಸ್ತಕದ ಜೊತೆ ಆ ದನಿಯೂ ವಿದ್ಯಾರ್ಥಿಗಳ ಕಿವಿಗೆ ಬೀಳಬೇಕು. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ವಿದ್ಯಾರ್ಥಿಗಳ ಜೇಬಿನಲ್ಲಿರುವ ಫೋನುಗಳಿಂದಲೇ ಈ ವಾರ ಶುರು ಮಾಡಬಹುದು.

ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಕುಟುಂಬದವರಲ್ಲಿ ನನ್ನದೊಂದು ವಿನಂತಿ. ಮುಂದಿನ ವರ್ಷದ ಉಪನ್ಯಾಸಕ್ಕೆ ನನ್ನಂಥ ಇನ್ನೊಬ್ಬ ಅಧ್ಯಾಪಕನನ್ನು ಕರೆಯಬೇಡಿ. ಈ ಜಿಲ್ಲೆಯ ಹಿರಿಯ ಹೋರಾಟದ ಹಾಡುಗಾರರೊಬ್ಬರನ್ನು, ಅವರ ಹಿಮ್ಮೇಳದವರನ್ನು, ಇದೇ ವೇದಿಕೆಗೆ ಕರೆಸಿ. ಹೋಗಿ ಬರುವ ಖರ್ಚು ಕೊಡಿ, ನನಗೆ ಕೊಟ್ಟ ಗೌರವಧನವನ್ನೇ ಅವರಿಗೂ ಕೊಡಿ, ಅವರು ಹಾಡಿದ್ದನ್ನು ಈ ಮಾಲಿಕೆಯಲ್ಲೇ ಪ್ರಕಟಿಸಿ.